ಮಿರ್ಜಾ ಇಸ್ಮಾಯಿಲ್, ಸರ್ (1883-1959)

ಮೈಸೂರು ಸಂಸ್ಥಾನದ ದಿವಾನರು (1926-41). ಮುಂದೆ ಜೈಪುರ (1942-46) ಹಾಗೂ ಹೈದರಾಬಾದ್ (1946-47) ಸಂಸ್ಥಾನಗಳ ಪ್ರಧಾನಮಂತ್ರಿ. ಹುಟ್ಟಿದ್ದು 1883ರ ಅಕ್ಟೋಬರಿನಲ್ಲಿ, ಬೆಂಗಳೂರಿನಲ್ಲಿ. ತೀರಿಕೊಂಡದ್ದೂ ಅಲ್ಲೇ, 1959ರ ಜನವರಿ 5ರಂದು. ಒಂದಾದ ಮೇಲೊಂದರಂತೆ ಮೂರು ದೊಡ್ಡ ಸಂಸ್ಥಾನಗಳ ಆಡಳಿತ ನಡೆಸಿದವರು ಆ ಕಾಲದಲ್ಲೂ ವಿರಳ. ಹಲಸೂರಿನಿಂದ ರಿಚ್ಮಂಡ್ ಟೌನ್‌ವರೆಗೆ ಹರಡಿದ್ದ ಬ್ರಿಟಿಷ್ ದಂಡಿನ ಬೆಂಗಳೂರಿನಲ್ಲಿ ಕುದುರೆ ವ್ಯಾಪಾರದಿಂದ ನೆಲೆ ಕಂಡ ಪರ್ಷಿಯನ್ ಮನೆತನದ ಕುಡಿಯೊಬ್ಬರು ಈ ಎತ್ತರಕ್ಕೆ ಏರಿದ್ದಕ್ಕೆ ಪ್ರತಿಭೆ, ದುಡಿಮೆ ಎರಡೂ ಕಾರಣ. ಆದರೆ ಎಲ್ಲಕ್ಕಿಂತ ಮಿಗಿಲಾದ ಕಾರಣ ಒಬ್ಬ ಅರಸರ ನಂಬಿಕೆ. ಮಿರ್ಜಾ ಅವರ ಅಧಿಕಾರದ ಬಲವೂ ಮಿತಿಯೂ ಆ ನಂಬಿಕೆಯಲ್ಲೇ ಇದ್ದವು.

ಮನೆತನ

ಅಜ್ಜ ಅಲಿ ಅಸ್ಕರ್ ಪರ್ಷಿಯಾದ ಶಿರಾಜಿನವರು. 1824ರಲ್ಲಿ, ಇನ್ನೂ ಹದಿಹರೆಯದಲ್ಲೇ, ಕುದುರೆಗಳೊಂದಿಗೆ ಬೆಂಗಳೂರಿಗೆ ಬಂದರು. ಬ್ರಿಟಿಷ್ ಪಡೆ ಶ್ರೀರಂಗಪಟ್ಟಣದ ಹವೆ ಒಗ್ಗದೆ 1809ರಲ್ಲಿ ಹಲಸೂರಿನ ಸೀಮೆಗೆ ದಂಡನ್ನು ಸಾಗಿಸಿಕೊಂಡು ಹದಿನೈದು ವರ್ಷವಾಗಿತ್ತು; ರಿಸಾಲೆಗೆ ಒಳ್ಳೆಯ ಕುದುರೆ ಬೇಕಿತ್ತು. ಮುಮ್ಮಡಿ ಕೃಷ್ಣರಾಜ ಒಡೆಯರಿಗೂ ಅಲಿ ಅಸ್ಕರ್ ಕುದುರೆ ಒದಗಿಸಿದರು. ಹೀಗೆ ಒಂದೇ ವ್ಯಾಪಾರ ಆ ಮನೆತನಕ್ಕೆ ಎರಡು ಬಾಗಿಲು ತೆರೆಯಿತು: ಒಂದು ಬ್ರಿಟಿಷರದು, ಇನ್ನೊಂದು ಅರಮನೆಯದು. ಕಮಿಷನರ್ ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ ದಂಡಿನ ಪ್ರದೇಶದಲ್ಲಿ ಅಲಿ ಅಸ್ಕರ್ ಹಲವು ಬಂಗಲೆಗಳನ್ನೂ ಕಟ್ಟಿಸಿದರು. ಕನ್ನಿಂಗ್‌ಹ್ಯಾಮ್ ರಸ್ತೆಯ ಬಳಿಯ ಅಲಿ ಅಸ್ಕರ್ ರಸ್ತೆ ಅವರ ಹೆಸರಿನದು. ಹಲಸೂರಿನ ಆಗಾ ಅಬ್ಬಾಸ್ ಅಲಿ ರಸ್ತೆ, ರಿಚ್ಮಂಡ್ ಟೌನಿನ ಆಗಾ ಅಬ್ದುಲ್ಲಾ ಬೀದಿ ಮುಂತಾದ ಹೆಸರುಗಳಲ್ಲೂ ಈ ಭಾಗದ ಆಗಾ ಮನೆತನದವರ ನೆನಪು ಉಳಿದಿದೆ.

ತಂದೆ ಆಗಾ ಜಾನ್ ಅವರು ಚಾಮರಾಜೇಂದ್ರ ಒಡೆಯರ ಅಂಗರಕ್ಷಕ ಅಧಿಕಾರಿ. ಕುದುರೆ ಮಾರಲು ಅರಮನೆಯ ಅಂಗಳಕ್ಕೆ ಬಂದಿದ್ದ ಮನೆತನ ಒಂದೇ ತಲೆಮಾರಿನಲ್ಲಿ ಅರಮನೆಯ ಒಳಗಿನದಾಯಿತು.

ಅರಸನ ಸಹಪಾಠಿ

ಮಿರ್ಜಾ ಅವರ ಬದುಕಿನ ದಿಕ್ಕು ನಿರ್ಧಾರವಾದದ್ದು ಒಂದು ತರಗತಿಯಲ್ಲಿ. ಚಾಮರಾಜೇಂದ್ರ ಒಡೆಯರು 1894ರ ಕೊನೆಯಲ್ಲಿ ಅಕಾಲ ಮರಣಕ್ಕೆ ತುತ್ತಾದಾಗ ಮಗ ಕೃಷ್ಣರಾಜ ಒಡೆಯರು ಇನ್ನೂ ಹತ್ತು ವರ್ಷದ ಬಾಲಕ. ತಾಯಿ ವಾಣಿವಿಲಾಸ ಸನ್ನಿಧಾನದವರು ರೀಜೆಂಟರಾದರು. ಬಾಲ ಅರಸರ ಶಿಕ್ಷಣಕ್ಕೆ ಸ್ಟೂವರ್ಟ್ ಫ್ರೇಜರ್ ಎಂಬ ಐ.ಸಿ.ಎಸ್. ಅಧಿಕಾರಿ ನೇಮಕವಾದರು. ಒಬ್ಬನೇ ಕೂತು ಕಲಿಯುವ ಅರಸುಮಗ ಲೋಕಜ್ಞಾನವಿಲ್ಲದೆ ಬೆಳೆದಾನೆಂದು ಆಯ್ದ ಕೆಲವು ಹುಡುಗರನ್ನು ಜೊತೆಗೆ ಸೇರಿಸಲಾಯಿತು. ಅವರಲ್ಲೊಬ್ಬರು ಮಿರ್ಜಾ. ಜೊತೆಯಾಗಿ ಓದು, ಜೊತೆಯಾಗಿ ಆಟ, ಕುದುರೆ ಸವಾರಿ. 1902ರಲ್ಲಿ ಕೃಷ್ಣರಾಜ ಒಡೆಯರಿಗೆ ಪೂರ್ಣಾಧಿಕಾರ ಬಂದಾಗ ಈ ಶಾಲೆ ಮುಗಿಯಿತು, ಗೆಳೆತನ ಮುಗಿಯಲಿಲ್ಲ.

ಆ ಗುರುವಿನ ಹೆಸರು ಪೂರ್ವ ಬೆಂಗಳೂರಿನವರಿಗೆ ಚೆನ್ನಾಗಿ ಗೊತ್ತು. ಫ್ರೇಜರ್ ಮುಂದೆ ಮೈಸೂರಿನ ರೆಸಿಡೆಂಟರಾಗಿ ಬಂದರು. ಪ್ಲೇಗಿನ ನಂತರ ದಂಡಿನ ಇಕ್ಕಟ್ಟು ಬಿಡಿಸಲು ಹಲಸೂರಿನ ಉತ್ತರಕ್ಕೆ ಕಟ್ಟಿದ ಹೊಸ ಬಡಾವಣೆಗೆ ಅವರ ಹೆಸರನ್ನೇ ಇಟ್ಟರು. ಅದೇ ಫ್ರೇಜರ್ ಟೌನ್, ಈಗಿನ ಪುಲಕೇಶಿನಗರ.

ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ ಮಿರ್ಜಾ 1905ರಲ್ಲಿ ಮೈಸೂರು ಪೊಲೀಸ್ ಇಲಾಖೆಯ ಸಹಾಯಕ ಸೂಪರಿಂಟೆಂಡೆಂಟರಾದರು. ಇಲಾಖೆಯಲ್ಲಿ ಹೆಚ್ಚು ಕಾಲ ಉಳಿಯಲಿಲ್ಲ. 1908ರಲ್ಲಿ ಮಹಾರಾಜರ ಸಹಾಯಕ ಕಾರ್ಯದರ್ಶಿ, 1914ರಲ್ಲಿ ಹುಜೂರು ಕಾರ್ಯದರ್ಶಿ, 1922ರಲ್ಲಿ ಖಾಸಗಿ ಕಾರ್ಯದರ್ಶಿ. ಹುಜೂರು ಕಾರ್ಯದರ್ಶಿಯ ಹುದ್ದೆಯನ್ನು ಬರೀ ಕಡತ ಹೊರುವ ಕೆಲಸವೆಂದು ತಿಳಿಯಬಾರದು. ದಿವಾನರ ಕಚೇರಿಯಿಂದ ಅರಸರ ಒಪ್ಪಿಗೆಗೆ ಬರುವ ಕಾಗದಪತ್ರ ಆ ಕೈಯನ್ನು ದಾಟಿಯೇ ಹೋಗಬೇಕು. ವಿಶ್ವೇಶ್ವರಯ್ಯ, ಕಾಂತರಾಜ ಅರಸು, ಆಲ್ಬಿಯನ್ ಬ್ಯಾನರ್ಜಿ ಈ ಮೂವರು ದಿವಾನರ ಆಡಳಿತವನ್ನು ಮಿರ್ಜಾ ಅರಮನೆಯ ಬದಿಯಿಂದ ಹೀಗೆ ಕಂಡರು. ಯಾವ ಯೋಜನೆ ಎಲ್ಲಿ ತಡೆಯುತ್ತದೆ, ಅರಸರಿಗೆ ಯಾವುದು ಒಪ್ಪಿಗೆ, ಯಾವುದು ಮುಜುಗರ ಎಂಬುದು ಅವರಷ್ಟು ಬೇರೆ ಯಾರಿಗೂ ಗೊತ್ತಿರಲಿಲ್ಲ. 1920ರಲ್ಲಿ ಅರಸರಿಂದ ‘ಅಮೀನ್-ಉಲ್-ಮುಲ್ಕ್’ ಬಿರುದು ಬಂತು. ಬ್ರಿಟಿಷ್ ಸರ್ಕಾರ 1930ರಲ್ಲಿ ಸರ್ ಪದವಿ ಕೊಟ್ಟಿತು.

1926ರ ಮೇ 1ರಂದು ದಿವಾನರಾದಾಗ ಅವರಿಗಿನ್ನೂ 43 ತುಂಬಿರಲಿಲ್ಲ. ಹದಿನೈದು ವರ್ಷ ಆ ಸ್ಥಾನದಲ್ಲಿದ್ದರು. 1881ರಲ್ಲಿ ಸಂಸ್ಥಾನ ಒಡೆಯರಿಗೆ ಮರಳಿದ ಮೇಲಿನ ದಿವಾನರಲ್ಲಿ ಇದಕ್ಕಿಂತ ದೀರ್ಘಕಾಲ ಆಳಿದವರು ಶೇಷಾದ್ರಿ ಅಯ್ಯರ್ ಒಬ್ಬರೇ. ಅವರು ಪಟ್ಟಕ್ಕೆ ಬಂದ ವರ್ಷವೇ ಮಿರ್ಜಾ ಹುಟ್ಟಿದ್ದು.

ದಿವಾನಗಿರಿಯ ಸ್ವರೂಪ

ದಿವಾನರೆಂದರೆ ಇಂದಿನ ಮುಖ್ಯಮಂತ್ರಿಯಂತೆ ಎಂದು ಹೇಳಿಬಿಡುವುದು ಸುಲಭ, ಆದರೆ ಸರಿಯಲ್ಲ. ದಿವಾನರು ಚುನಾವಣೆ ಗೆದ್ದು ಬಂದವರಲ್ಲ, ಸಭೆಯ ಬಹುಮತ ಕಳೆದುಕೊಂಡರೆ ಇಳಿಯಬೇಕಾದವರೂ ಅಲ್ಲ. ನೇಮಿಸುವವರು ಮಹಾರಾಜರು, ಬಿಡಿಸುವವರೂ ಅವರೇ. ಬೆನ್ನಿಗೆ ಬ್ರಿಟಿಷ್ ರೆಸಿಡೆಂಟರ ಕಣ್ಣು. ಹಾಗೆಂದು ಮೈಸೂರಿನ ದಿವಾನರು ಜನರಿಗೆ ಮುಖ ಕೊಡದೆ ಆಳುವಂತೆಯೂ ಇರಲಿಲ್ಲ. 1881ರಲ್ಲಿ ರಂಗಾಚಾರ್ಲು ಆರಂಭಿಸಿದ ಪ್ರಜಾಪ್ರತಿನಿಧಿ ಸಭೆಯ ಮುಂದೆ ದಸರೆಯ ವೇಳೆ ದಿವಾನರು ವರ್ಷದ ಲೆಕ್ಕ ಒಪ್ಪಿಸಬೇಕು. ಕೆರೆ, ರಸ್ತೆ, ಶಾಲೆ, ಕಂದಾಯದ ಅಹವಾಲುಗಳನ್ನು ಕೂತು ಕೇಳಬೇಕು. 1907ರಿಂದ ನ್ಯಾಯವಿಧಾಯಕ ಸಭೆಯೂ ಇತ್ತು. ಎರಡಕ್ಕೂ ದಿವಾನರೇ ಅಧ್ಯಕ್ಷರು. ಜನ ಕೇಳಬಹುದಿತ್ತು, ಚರ್ಚಿಸಬಹುದಿತ್ತು, ಸರ್ಕಾರವನ್ನು ಬದಲಿಸುವಂತಿರಲಿಲ್ಲ.

ಅದೇ ಕಾಲದ ನೇಪಾಳವನ್ನು ಪಕ್ಕಕ್ಕಿಟ್ಟು ನೋಡಿದರೆ ಮೈಸೂರಿನ ಏರ್ಪಾಡು ಇನ್ನಷ್ಟು ತಿಳಿಯಾಗುತ್ತದೆ. 1846ರಲ್ಲಿ ಜಂಗ್ ಬಹಾದೂರ್ ಅಧಿಕಾರ ಹಿಡಿದಂದಿನಿಂದ 1951ರವರೆಗೆ ಅಲ್ಲಿ ಪ್ರಧಾನಮಂತ್ರಿ ಪದವಿ ರಾಣಾ ಮನೆತನದ ಪಿತ್ರಾರ್ಜಿತವಾಗಿತ್ತು. ರಾಜ ಅರಮನೆಯೊಳಗಿನ ಪೂಜಾಮೂರ್ತಿಯಾಗಿದ್ದ. ಮಿರ್ಜಾ ಅವರ ದಿವಾನಗಿರಿಯ ಹೆಚ್ಚಿನ ಕಾಲ ಕಠ್ಮಂಡುವಿನಲ್ಲಿ ಜುದ್ಧ ಶಂಶೇರ್ ಆಳುತ್ತಿದ್ದರು, ತ್ರಿಭುವನ ರಾಜ ಹೆಸರಿಗೆ ಮಾತ್ರ. ರಾಣಾಗಳ ಪತನದ ನಂತರ ತಕ್ಕಡಿ ಇನ್ನೊಂದು ಕಡೆಗೆ ವಾಲಿತು: 1959ರಲ್ಲಿ ಜನರಿಂದ ಆರಿಸಿ ಬಂದ ಬಿ.ಪಿ. ಕೊಯಿರಾಲಾ ಅವರನ್ನು ಮಹೇಂದ್ರ ರಾಜ ಮರುವರ್ಷದ ಡಿಸೆಂಬರಿನಲ್ಲಿ ಕಿತ್ತೊಗೆದು ಸೆರೆಗೆ ಹಾಕಿದ. ಮೈಸೂರಿನಲ್ಲಿ ಅರಸರು ನಿಜವಾಗಿ ಅರಸರಾಗಿದ್ದರು, ದಿವಾನರು ನಿಜವಾಗಿ ಆಳುತ್ತಿದ್ದರು. ಇಬ್ಬರ ನಡುವೆ ವಿಶ್ವಾಸ ಇರುವಷ್ಟು ಕಾಲ ಈ ಏರ್ಪಾಡು ಸೊಗಸಾಗಿ ನಡೆಯಿತು.

ಕಟ್ಟಿದ್ದು

ಕೃಷ್ಣರಾಜಸಾಗರ ವಿಶ್ವೇಶ್ವರಯ್ಯನವರ ಕನಸು. ಅದರ ನೀರು ಹೊಲ ಸೇರಿದ್ದು ಮಿರ್ಜಾ ಅವರ ಕಾಲದಲ್ಲಿ. ಇರ್ವಿನ್ ನಾಲೆ (ಈಗ ವಿಶ್ವೇಶ್ವರಯ್ಯ ನಾಲೆ) ಮಂಡ್ಯದ ಬಯಲಿಗೆ ಹರಿದಾಗ ರಾಗಿ, ಹುರುಳಿಯ ನೆಲದಲ್ಲಿ ಕಬ್ಬು ಎದ್ದಿತು. ಕಬ್ಬು ಬೆಳೆದ ರೈತನಿಗೆ ಮಾರುಕಟ್ಟೆ ಬೇಕಲ್ಲ? 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾಯಿತು. ನಾಲೆ, ಬೆಳೆ, ಕಾರ್ಖಾನೆ ಹೀಗೆ ಒಂದರ ಹಿಂದೊಂದು ಬಂದುದರಿಂದಲೇ ಮಂಡ್ಯದ ಚಹರೆ ಬದಲಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯೂ ಆಯಿತು.

ಉದ್ಯಮಗಳ ಪಟ್ಟಿ ಉದ್ದವಿದೆ. ಭದ್ರಾವತಿಯಲ್ಲಿ ಉಕ್ಕು, ಸಿಮೆಂಟು ಮತ್ತು ಕಾಗದ (1936), ಬೆಂಗಳೂರಿನಲ್ಲಿ ಪಿಂಗಾಣಿ ಕಾರ್ಖಾನೆ ಹಾಗೂ ಮೈಸೂರು ಲ್ಯಾಂಪ್ಸ್ (1936), ಬೆಳಗೊಳದಲ್ಲಿ ರಾಸಾಯನಿಕ ಗೊಬ್ಬರ. ಹೆಚ್ಚಿನವು ಸರ್ಕಾರ ಪಾಲು ಹಾಕಿ ಖಾಸಗಿಯವರನ್ನು ಕೈಹಿಡಿದು ತಂದ ಕಂಪನಿಗಳು. ಬಂಡವಾಳಗಾರರು ಹಿಂಜರಿಯುವ ಊರಿನಲ್ಲಿ ಸರ್ಕಾರವೇ ಮೊದಲ ಹೆಜ್ಜೆ ಇಡಬೇಕೆಂಬುದು ಅವರ ನಿಲುವು. ದೊಡ್ಡ ಕಾರ್ಖಾನೆಗಳ ಜೊತೆಗೆ ನೂಲುವ ಕೈಗಳನ್ನೂ ಅವರು ಮರೆಯಲಿಲ್ಲ. ಗಾಂಧೀಜಿ ನಂದಿಬೆಟ್ಟ ಮತ್ತು ಬೆಂಗಳೂರಿನಲ್ಲಿ ಆರೋಗ್ಯ ಸುಧಾರಿಸಿಕೊಂಡ 1927ರಲ್ಲೇ ನಂಜನಗೂಡು ತಾಲೂಕಿನ ಬದನವಾಳಿನಲ್ಲಿ ಸಂಸ್ಥಾನದ ಖಾದಿ ಕೇಂದ್ರ ಶುರುವಾಯಿತು. ಗಾಂಧೀಜಿಯವರ ಜೊತೆಗಿನ ಸ್ನೇಹ ಅಲ್ಲಿಂದ ಬೆಳೆಯಿತು.

ಮಿರ್ಜಾ ಹೆಸರು ಕೇಳಿದೊಡನೆ ಹಳೆಯ ಮೈಸೂರಿನವರಿಗೆ ನೆನಪಾಗುವುದು ಕಾರ್ಖಾನೆಗಳಲ್ಲ, ಚೆಲುವು. ಕನ್ನಂಬಾಡಿ ಕಟ್ಟೆಯ (ಕೃಷ್ಣರಾಜಸಾಗರದ) ಕೆಳಗೆ, ಕಾಮಗಾರಿ ಮುಗಿದ ಮೇಲೆ ಸಾಮಾನ್ಯವಾಗಿ ಜಲ್ಲಿಕಲ್ಲು, ಮಣ್ಣಿನ ರಾಶಿ ಬಿದ್ದುಕೊಂಡಿರುವ ಜಾಗದಲ್ಲಿ, ಬೃಂದಾವನ ಎಬ್ಬಿಸಿದ್ದು ಅವರ ಹಟ. ಕಾಶ್ಮೀರದ ಶಾಲಿಮಾರ್ ತೋಟ ಮನಸ್ಸಿನಲ್ಲಿತ್ತು. ಸಸ್ಯಶಾಸ್ತ್ರದ ಬುದ್ಧಿ ಲಾಲ್‌ಬಾಗಿನ ಜರ್ಮನ್ ಅಧಿಕಾರಿ ಕ್ರುಂಬಿಗೆಲ್ ಅವರದು. 1927ರಲ್ಲಿ ಶುರುವಾದ ಕೆಲಸ 1932ಕ್ಕೆ ಮುಗಿಯಿತು. ಕಟ್ಟೆಯ ನೀರೇ ಇಳಿಜಾರಿನಲ್ಲಿ ಹಂತಹಂತವಾಗಿ ಹರಿದು ಕಾರಂಜಿಯಾಗುವಂತೆ, ಕತ್ತಲಾದೊಡನೆ ಬಣ್ಣದ ದೀಪ ಹೊತ್ತುವಂತೆ ಏರ್ಪಾಡಾಯಿತು. ಶಿವನಸಮುದ್ರದ ವಿದ್ಯುತ್ತು ಇದ್ದದ್ದರಿಂದ ಇದು ಸಾಧ್ಯವಾಯಿತು. ಅಣೆಕಟ್ಟಿನ ಎಂಜಿನಿಯರಿಕೆಯನ್ನು ಜನರ ಸಂಜೆಯ ಸಂತೋಷಕ್ಕೆ ತಿರುಗಿಸಬಹುದೆಂದು ಹೊಳೆಯಲು ವಿಶೇಷ ಕಣ್ಣು ಬೇಕು.

ಬೆಂಗಳೂರಿಗೆ ಬಂದಾಗ ಬೆಳಗಿನ ಹೊತ್ತು ಕುದುರೆ ಏರಿ ಬೀದಿಬೀದಿ ಸುತ್ತುವುದು ಅವರ ರೂಢಿ. ಚರಂಡಿ, ಸಾಲುಮರ, ವೃತ್ತ, ಉದ್ಯಾನ ಎಲ್ಲವನ್ನೂ ಕಣ್ಣಾರೆ ನೋಡುವರು. ಅಧಿಕಾರಿಗಳಿಗೆ ಇದು ನಡುಕದ ವಿಷಯ, ಊರಿಗೆ ಲಾಭ. ಪುಟ್ಟಣ್ಣಚೆಟ್ಟಿ ಪುರಭವನ (1935) ಎದ್ದದ್ದು, ತಿಪ್ಪಗೊಂಡನಹಳ್ಳಿಯಿಂದ ಅರ್ಕಾವತಿಯ ನೀರು 1933ರಲ್ಲಿ ನಗರಕ್ಕೆ ಬಂದದ್ದು ಈ ಅವಧಿಯಲ್ಲೇ. ಹಳ್ಳಿಗಳು ಬಾಯಾರಿರುವಾಗ ಪಟ್ಟಣಕ್ಕೆ ಹೂದೋಟವೇಕೆ ಎಂದು ಟೀಕಿಸಿದವರೂ ಇದ್ದರು. ಆ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಹಳ್ಳಿಗಳಿಗೆ ವಿದ್ಯುತ್ತು ಮುಟ್ಟಿಸುವ ಕೆಲಸವನ್ನು ಅಷ್ಟೇ ಆಸ್ಥೆಯಿಂದ ಮಾಡಿದ ಸಂಸ್ಥಾನ ಆಗ ದೇಶದಲ್ಲಿ ಅಪರೂಪ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಹಲಸೂರಿನ ಗಡಿ

ಬೆಂಗಳೂರನ್ನು ಇಷ್ಟು ಪ್ರೀತಿಸಿದ ದಿವಾನರ ಆಜ್ಞೆ ಅರ್ಧ ಬೆಂಗಳೂರಿನಲ್ಲಿ ನಡೆಯುತ್ತಿರಲಿಲ್ಲ. 1881ರಲ್ಲಿ ಸಂಸ್ಥಾನವನ್ನು ಮರಳಿ ಕೊಡುವಾಗ ಬ್ರಿಟಿಷರು ದಂಡಿನ ಪ್ರದೇಶವನ್ನು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂಬ ಹೆಸರಿನಲ್ಲಿ ತಮ್ಮಲ್ಲೇ ಇಟ್ಟುಕೊಂಡರು. ಸುಮಾರು 13 ಚದರ ಮೈಲಿ ನೆಲ. ಸೋಮೇಶ್ವರ ಗುಡಿಯ ಹಲಸೂರು, ಅದರ ಕೆರೆ, ಕೆರೆಯ ದಂಡೆಯ ಮದ್ರಾಸ್ ಸ್ಯಾಪರ್ಸ್ ಪಾಳೆಯ, ಈಗಿನ ಶಿವಾಜಿನಗರ, ಫ್ರೇಜರ್ ಟೌನ್, ರಿಚ್ಮಂಡ್ ಟೌನ್ ಎಲ್ಲ ಅದರೊಳಗೆ. ಪೇಟೆಯ ಕಡೆ ಮೈಸೂರಿನ ಪೊಲೀಸು, ಮೈಸೂರಿನ ಕಚೇರಿ, ಮೈಸೂರಿನ ಶಾಸನ. ದಂಡಿನ ಕಡೆ ರೆಸಿಡೆಂಟರ ಆಡಳಿತ, ಬೇರೆ ಮುನಿಸಿಪಾಲಿಟಿ, ಬೇರೆ ನ್ಯಾಯಾಲಯ. ಸಂಸ್ಥಾನದ ಸರ್ಕಾರಿ ಕಟ್ಟಡವಾದ ಅಠಾರಾ ಕಚೇರಿಯಲ್ಲಿ ಕೂತ ದಿವಾನರು ಹಲಸೂರಿನ ಒಂದು ಬೀದಿದೀಪದ ಬಗ್ಗೆಯೂ ಆಜ್ಞೆ ಹೊರಡಿಸುವಂತಿರಲಿಲ್ಲ. ಆದರೆ ಆ ದೀಪ ಉರಿಯುತ್ತಿದ್ದುದು ಶಿವನಸಮುದ್ರದಿಂದ ಬಂದ ಮೈಸೂರಿನ ವಿದ್ಯುತ್ತಿನಿಂದ.

ಈ ನೆಲವನ್ನು ಮರಳಿ ಕೊಡಬೇಕೆಂದು ಮೈಸೂರು ಕೇಳುತ್ತಲೇ ಇತ್ತು. ಬ್ರಿಟಿಷರಿಗೆ ಸಂಸ್ಥಾನ ವರ್ಷವರ್ಷ ಕಟ್ಟುತ್ತಿದ್ದ 35 ಲಕ್ಷ ರೂಪಾಯಿ ಕಪ್ಪ ಇನ್ನೊಂದು ಹಳೆಯ ಗಾಯ. ಕಪ್ಪದ ವಿಷಯದಲ್ಲಿ ಮಿರ್ಜಾ ಗೆದ್ದರು: ವೈಸರಾಯ್ ಇರ್ವಿನ್ ಅವರ ಕಾಲದಲ್ಲಿ ಹತ್ತೂವರೆ ಲಕ್ಷ ಇಳಿಯಿತು. ದಂಡಿನ ವಿಷಯ ಮಾತ್ರ ಅವರ ದಿವಾನಗಿರಿಯಲ್ಲಿ ಇತ್ಯರ್ಥವಾಗಲಿಲ್ಲ. ಲಂಡನ್ನಿನ ದುಂಡುಮೇಜಿನ ಪರಿಷತ್ತುಗಳಲ್ಲಿ (1930-32) ದಕ್ಷಿಣದ ಸಂಸ್ಥಾನಗಳ ಪರವಾಗಿ ಕೂತು, ಸಂಸ್ಥಾನಗಳೂ ಪ್ರಾಂತಗಳೂ ಸೇರಿದ ಒಕ್ಕೂಟ ಬೇಕೆಂದು ವಾದಿಸಿದ ದಿವಾನರಿಗೆ ಊರಿಗೆ ಮರಳಿದರೆ ತಮ್ಮ ರಾಜಧಾನಿಯ ನಡುವೆಯೇ ಪರರ ಗಡಿ.

ಆ ಗಡಿಯ ಆಚೆ, ಹಲಸೂರಿನಿಂದ ಪೂರ್ವಕ್ಕೆ, ಮೈಸೂರಿನ ನೆಲ ಮತ್ತೆ ಆರಂಭವಾಗುತ್ತಿತ್ತು. ಅಲ್ಲೇ ಮಿರ್ಜಾ ಅವರ ಕೊನೆಯ ದೊಡ್ಡ ಕೆಲಸ ನೆಲೆಯೂರಿತು. ಯುದ್ಧದ ಹೊತ್ತಿನಲ್ಲಿ ವಿಮಾನ ಕಾರ್ಖಾನೆ ಕಟ್ಟಲು ವಾಲ್‌ಚಂದ್ ಹೀರಾಚಂದ್ ಜಾಗ ಹುಡುಕುತ್ತಿದ್ದಾಗ ಮಿರ್ಜಾ ತಡಮಾಡಲಿಲ್ಲ: ಸುಮಾರು 700 ಎಕರೆ ನೆಲ, ಅಗ್ಗದ ವಿದ್ಯುತ್ತು, ಸಂಸ್ಥಾನದ ಪಾಲು ಬಂಡವಾಳ. 1940ರ ಡಿಸೆಂಬರ್ 23ರಂದು ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಂಪನಿ ಮೈಸೂರಿನ ಕಾಯಿದೆಯಡಿ ನೋಂದಣಿಯಾಯಿತು. ಇಂದಿನ ಎಚ್.ಎ.ಎಲ್. ಅದೇ. ಇಂದಿರಾನಗರದಾಚೆಯ ವಿಮಾನಪುರ, ಹಳೆಯ ವಿಮಾನ ನಿಲ್ದಾಣ, ಆ ದಾರಿಯುದ್ದಕ್ಕೂ ಬೆಳೆದ ಕಾರ್ಮಿಕರ ಬಡಾವಣೆಗಳು, ಪೂರ್ವ ಬೆಂಗಳೂರು ಇಂದಿನ ರೂಪ ತಳೆದ ಬಗೆ, ಎಲ್ಲದರ ಹಿಂದೆ ಆ ನಿರ್ಧಾರವಿದೆ. ಹುಟ್ಟೂರಿಗೆ ಅವರು ಕೊಟ್ಟದ್ದರಲ್ಲಿ ಬೃಂದಾವನಕ್ಕಿಂತ ದೊಡ್ಡದು ಇದು.

ಜನರ ಕೇಳಿಕೆ

ಅವರ ಆಡಳಿತದ ಕಷ್ಟದ ಪುಟಗಳು ಬೇಗ ತೆರೆದುಕೊಂಡವು. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಶಾಲೆಯೊಂದರ ಆವರಣದ ಗಣಪತಿ ವಿಗ್ರಹದ ವಿಷಯ ಜಗಳವಾಗಿ, ವಿದ್ಯಾರ್ಥಿಗಳ ಚಳವಳಿಯಾಗಿ, ಗಲಭೆಯಾಗಿ ಬೆಳೆಯಿತು. ಮುಸಲ್ಮಾನ ದಿವಾನರು ಪಕ್ಷಪಾತ ಮಾಡಿದರೆಂಬ ಆಪಾದನೆ ಎದ್ದಿತು. ವಿಚಾರಣೆಗೆ ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಆಡಳಿತದಲ್ಲಿ ಜಾತಿಮತ ನೋಡಿದವರಲ್ಲ ಎಂಬುದಕ್ಕೆ ಮಿರ್ಜಾ ಅವರ ಹದಿನೈದು ವರ್ಷಗಳೇ ಸಾಕ್ಷಿ. ಆದರೂ ಆ ಮಾತಿನ ನೋವು ಅವರನ್ನು ಬಿಡಲಿಲ್ಲ. ಟೀಕಿಸಿದ ಪತ್ರಿಕೆಗಳ ಮೇಲೆ ಸರ್ಕಾರ ಬಿಗಿ ಹಿಡಿದದ್ದು ಮಾತ್ರ ಸಮರ್ಥನೆಗೆ ನಿಲ್ಲುವಂಥದ್ದಲ್ಲ.

ಇದಕ್ಕಿಂತ ಆಳವಾದ ಪ್ರಶ್ನೆ ಜವಾಬ್ದಾರಿ ಸರ್ಕಾರದ್ದು. 1937ರಲ್ಲಿ ಬ್ರಿಟಿಷ್ ಪ್ರಾಂತಗಳಲ್ಲಿ ಕಾಂಗ್ರೆಸ್ ಮಂತ್ರಿಮಂಡಲಗಳು ಬಂದ ಮೇಲೆ ಮೈಸೂರಿನವರಿಗೆ ತಮ್ಮ ಹಳೆಯ ಸಭೆಗಳು ಸಾಲದೆನಿಸಿದವು. ಪಕ್ಕದ ಮದ್ರಾಸಿನಲ್ಲಿ ಜನ ಆರಿಸಿದವರು ಆಳುವಾಗ ಇಲ್ಲೇಕೆ ಬರೀ ಅಹವಾಲು? 1938ರ ಏಪ್ರಿಲ್ 11ರಂದು ಮದ್ದೂರಿನ ಬಳಿಯ ಶಿವಪುರದಲ್ಲಿ ನಿಷೇಧ ಮುರಿದು ಕಾಂಗ್ರೆಸ್ ಧ್ವಜ ಏರಿತು. ಎರಡೇ ವಾರದಲ್ಲಿ, ಏಪ್ರಿಲ್ 25ರಂದು, ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಸರ್ಕಾರದ ಲೆಕ್ಕದಲ್ಲಿ ಸತ್ತವರು 10. ಜನರ ಲೆಕ್ಕದಲ್ಲಿ 30ಕ್ಕೂ ಮೇಲೆ. ಮೈಸೂರಿನ ಮಾದರಿ ಆಡಳಿತದ ಹೆಸರಿಗೆ ಇದಕ್ಕಿಂತ ದೊಡ್ಡ ಪೆಟ್ಟು ಬೀಳಲಿಲ್ಲ.

ಆ ಮೇಲಿನ ನಡೆ ಮಿರ್ಜಾ ಅವರ ಗುಣವನ್ನು ತೋರಿಸುತ್ತದೆ. ಹಟಕ್ಕೆ ಬೀಳದೆ ಮಾತಿಗೆ ಕೂತರು. ಗಾಂಧೀಜಿ ಕಳಿಸಿದ ಸರದಾರ್ ಪಟೇಲ್, ಆಚಾರ್ಯ ಕೃಪಲಾನಿ ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದರು. ಮಿರ್ಜಾ-ಪಟೇಲ್ ಒಪ್ಪಂದದಂತೆ ಕಾಂಗ್ರೆಸ್ಸಿಗೆ ಸರ್ಕಾರದ ಮನ್ನಣೆ ಸಿಕ್ಕಿತು, ಬಂಧಿತರು ಹೊರಬಂದರು, ಸಮಾರಂಭಗಳಲ್ಲಿ ಮೈಸೂರಿನ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜ ಹಾರಿಸಬಹುದೆಂದಾಯಿತು. ಗುಂಡಿನ ಪ್ರಕರಣದ ವಿಚಾರಣೆ ನ್ಯಾಯಮೂರ್ತಿ ವೇಪಾ ರಾಮೇಶಂ ಅವರ ಪಾಲಿಗೆ ಬಂತು. ಆದರೆ ಕೇಳಿದ್ದ ಮೂಲ ವಸ್ತು, ಜನರಿಗೆ ಉತ್ತರ ಕೊಡುವ ಮಂತ್ರಿಮಂಡಲ, ಸಿಗಲಿಲ್ಲ. ಮುಂದಿನ ವರ್ಷವೇ ಸತ್ಯಾಗ್ರಹ ಮತ್ತೆ ಶುರುವಾಯಿತು. ಒಳ್ಳೆಯ ಆಡಳಿತ ಕೊಟ್ಟರೆ ಜನ ಅದಕ್ಕಿಂತ ಹೆಚ್ಚು ಕೇಳಲಾರರು ಎಂದು ಮಿರ್ಜಾ ನಂಬಿದ್ದಂತೆ ತೋರುತ್ತದೆ. ಅವರ ನಾಲೆ, ಶಾಲೆ, ಕಾರ್ಖಾನೆಗಳಿಂದ ಎಚ್ಚೆತ್ತ ಜನರೇ ಮುಂದಿನ ಮೆಟ್ಟಿಲು ಕೇಳಿದರು.

ಮೈಸೂರಿನ ಆಚೆ

1940ರ ಮಾರ್ಚಿನಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು, ಆಗಸ್ಟ್ 3ರಂದು ಕೃಷ್ಣರಾಜ ಒಡೆಯರು ಕಾಲವಾದರು. ಪಟ್ಟಕ್ಕೆ ಬಂದ ಯುವರಾಜರ ಮಗ ಜಯಚಾಮರಾಜ ಒಡೆಯರಿಗೆ ಇಪ್ಪತ್ತೊಂದು ವರ್ಷ. ತಂದೆ ಮತ್ತು ದೊಡ್ಡಪ್ಪನ ಕಾಲದ, ಎಲ್ಲವನ್ನೂ ತಾವೇ ನಡೆಸಿ ಅಭ್ಯಾಸವಾದ ಹಿರಿಯ ದಿವಾನರ ಜೊತೆ ಹೊಸ ಅರಸರ ಮನಸ್ಸು ಹೊಂದಲಿಲ್ಲ. ಒಂದು ವರ್ಷ ತುಂಬುವ ಮೊದಲೇ, 1941ರಲ್ಲಿ, ಮಿರ್ಜಾ ರಾಜೀನಾಮೆ ಕೊಟ್ಟರು. ಎನ್. ಮಾಧವರಾವ್ ದಿವಾನರಾದರು.

1942ರಲ್ಲಿ ಎರಡನೆಯ ಮಾನಸಿಂಹರ ಜೈಪುರಕ್ಕೆ ಪ್ರಧಾನಮಂತ್ರಿಯಾಗಿ ಹೋದರು. ಮೈಸೂರಿನ ಪಾಠ ಅಲ್ಲಿ ಕೆಲಸಕ್ಕೆ ಬಂತು. ಅದೇ ವರ್ಷ ಪ್ರಜಾಮಂಡಲದ ಹೀರಾಲಾಲ್ ಶಾಸ್ತ್ರಿಯವರೊಂದಿಗೆ ಒಪ್ಪಂದಕ್ಕೆ ಬಂದರು. ಮುಂದೆ ಅಲ್ಲಿ ಎರಡು ಸಭೆಗಳೂ ಬಂದವು. ಜೈಪುರದ ನಡುಭಾಗದ ದೊಡ್ಡ ರಸ್ತೆಗೆ ಈಗಲೂ ಅವರದೇ ಹೆಸರು. ಊರಿನವರ ಬಾಯಲ್ಲಿ ಅದು ಎಂ.ಐ. ರೋಡ್. 1945ರಲ್ಲಿ ಅಖಿಲ ಭಾರತ ಪೆನ್ ಲೇಖಕರ ಸಮ್ಮೇಳನ ಅಲ್ಲಿ ನಡೆದು, ಇಂಗ್ಲೆಂಡಿನಿಂದ ಇ.ಎಂ. ಫಾರ್ಸ್ಟರ್ ಕೂಡ ಬಂದಿದ್ದರು.

1946ರ ಆಗಸ್ಟಿನಲ್ಲಿ ಹೈದರಾಬಾದಿಗೆ ಹೋದದ್ದು ಅವರ ವೃತ್ತಿಯ ಅತ್ಯಂತ ಕಠಿಣ ಅಧ್ಯಾಯ. ನಿಜಾಮರು ಭಾರತದೊಡನೆ ಹೊಂದಿಕೊಂಡು ಹೋಗಬೇಕೆಂಬುದು ಅವರ ಸಲಹೆ. ಅದಕ್ಕೆ ವಿರುದ್ಧವಾಗಿದ್ದ ಇತ್ತೆಹಾದ್ ಪಕ್ಷ ಅವರನ್ನು ಹಗೆಯಂತೆ ಕಂಡಿತು. ನಿಜಾಮರ ಬೆಂಬಲವೂ ಗಟ್ಟಿಯಾಗಿ ಸಿಗಲಿಲ್ಲ. ಒಂದು ವರ್ಷವೂ ತುಂಬದೆ 1947ರ ಮೇ ತಿಂಗಳಲ್ಲಿ ಹೊರಬಂದರು. ಅವರ ಮಾತಿಗೆ ಬೆಲೆ ಸಿಕ್ಕಿದ್ದರೆ 1948ರ ಸೆಪ್ಟೆಂಬರಿನ ಭಾರತದ ಸೈನಿಕ ಕಾರ್ಯಾಚರಣೆ, ಅದರ ಹಿಂದುಮುಂದಿನ ರಕ್ತಪಾತ ತಪ್ಪಬಹುದಿತ್ತು.

ಅವರು ಹೈದರಾಬಾದ್ ಬಿಟ್ಟ ಎರಡು ತಿಂಗಳಿಗೆ, 1947ರ ಜುಲೈ 26ರಂದು, ದಂಡಿನ ಪ್ರದೇಶ ಮೈಸೂರಿಗೆ ಮರಳಿತು. ಆಗ ದಿವಾನರಾಗಿದ್ದವರು ಆರ್ಕಾಟ್ ರಾಮಸ್ವಾಮಿ ಮೊದಲಿಯಾರ್. 1949ರ ಡಿಸೆಂಬರಿನಲ್ಲಿ ಎರಡು ಮುನಿಸಿಪಾಲಿಟಿಗಳೂ ಕೂಡಿ ಬೆಂಗಳೂರು ಕಾರ್ಪೊರೇಷನ್ ಆದಾಗ ಹಲಸೂರೂ ಪೇಟೆಯೂ ಒಂದೇ ಆಡಳಿತಕ್ಕೆ ಬಂದವು. ಮಿರ್ಜಾ 1950ರಲ್ಲಿ ವಿಶ್ವಸಂಸ್ಥೆಯ ತಾಂತ್ರಿಕ ನೆರವಿನ ಪ್ರತಿನಿಧಿಯಾಗಿ ಇಂಡೋನೇಷ್ಯಾದಲ್ಲಿ ಕೆಲಸ ಮಾಡಿದರು. 1954ರಲ್ಲಿ ಇಂಗ್ಲಿಷಿನಲ್ಲಿ ಬಂದ ‘ಮೈ ಪಬ್ಲಿಕ್ ಲೈಫ್’ ಅವರ ಆತ್ಮಕಥೆ. ಮೂರು ಸಂಸ್ಥಾನಗಳ ಒಳಗಿನಿಂದ ಬರೆದ ಈ ಪುಸ್ತಕ ದಿವಾನಗಿರಿಯ ಚರಿತ್ರೆಗೆ ಇಂದಿಗೂ ಮುಖ್ಯ ಆಕರ.